ಮಳೆಗಾಲದಲ್ಲಿ ಪೆನ್ ಬ್ಲ್ಯಾಂಕ್ ಎರಕ: ಪ್ರೆಷರ್ ಪಾಟ್ ಇದ್ದರೂ ಮರದ ಅಂಚಿನಲ್ಲಿ ನೊರೆ

ಕಡಲತಡಿ (ಉಡುಪಿ ಕಡೆ)
ಎಲ್ಲರಿಗೂ ನಮಸ್ಕಾರ. ರೆಸಿನ್ (ದ್ರವವಾಗಿ ಹೊಯ್ದರೆ ಗಟ್ಟಿಯಾಗುವ ಪ್ಲಾಸ್ಟಿಕ್) ಎರಕ ಹೊಯ್ಯುವವರ ಸಲಹೆ ಬೇಕಾಗಿದೆ. ಸ್ವಲ್ಪ ಅವಸರವೂ ಇದೆ.

ನಮ್ಮೂರಿನ ಶಾಲೆಯ ಅಂಗಳದಲ್ಲಿದ್ದ ಹಳೆಯ ಹಲಸಿನ ಮರ ಗಾಳಿಗೆ ಉರುಳಿತು. ಹಳೆಯ ವಿದ್ಯಾರ್ಥಿಗಳು ಅದರ ಒಂದು ಕೊಂಬೆಯನ್ನು ನನಗೆ ತಂದುಕೊಟ್ಟು, ಈ ವರ್ಷ ನಿವೃತ್ತರಾಗುವ ಶಿಕ್ಷಕರಿಗೆ ಅದೇ ಮರದ ಪೆನ್ನುಗಳು ಬೇಕು ಎಂದಿದ್ದಾರೆ. ಕೊಂಬೆಯ ಒಳಗೆಲ್ಲ ಗೆದ್ದಲು ಓಡಾಡಿದೆ. ಟೊಳ್ಳು ಜಾಗ ಹೆಚ್ಚು, ಗಟ್ಟಿ ಮರ ಕಡಿಮೆ. ಆದ್ದರಿಂದ ಟೊಳ್ಳಿಗೆ ಪಾರದರ್ಶಕ ರೆಸಿನ್ ತುಂಬಿ, ಅರ್ಧ ಮರ, ಅರ್ಧ ರೆಸಿನ್ ಇರುವ ಬ್ಲ್ಯಾಂಕ್ (ಪೆನ್ನು ಕಡೆಯಲು ಬಳಸುವ ತುಂಡು) ಮಾಡುವ ಯೋಚನೆ.

ಬಳಸುತ್ತಿರುವುದು ಎರಡು ಬಾಟಲಿಗಳಲ್ಲಿ ಬರುವ ಪಾಲಿಯುರೆಥೇನ್ ರೆಸಿನ್. ತೂಕದಲ್ಲಿ ಸಮಸಮ ಬೆರೆಸಬೇಕು, ಏಳೆಂಟು ನಿಮಿಷದೊಳಗೆ ಹೊಯ್ದು ಮುಗಿಸಬೇಕು. ಹೊಯ್ದ ಕೂಡಲೇ ಪ್ರೆಷರ್ ಪಾಟ್‌ಗೆ (ಒತ್ತಡದ ಗಾಳಿ ತುಂಬುವ ಗಟ್ಟಿ ಪಾತ್ರೆ) ಇಟ್ಟು 50 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಕೊಡುತ್ತೇನೆ. ಬೇಸಿಗೆಯಲ್ಲಿ ಬೇರೆ ಮರಗಳಲ್ಲಿ ಇದೇ ಕ್ರಮದಲ್ಲಿ ಮಾಡಿದ ಬ್ಲ್ಯಾಂಕ್‌ಗಳು ಗಾಜಿನಷ್ಟು ತಿಳಿಯಾಗಿ ಬಂದಿದ್ದವು. ಮಳೆ ಹಿಡಿದ ಮೇಲೆ ಮರ ಮತ್ತು ರೆಸಿನ್ ಕೂಡುವ ಗೆರೆಯಲ್ಲಿ ಬಿಳಿ ನೊರೆ. ಮರವಿಲ್ಲದ ಬರೀ ರೆಸಿನ್ ಬ್ಲ್ಯಾಂಕ್‌ನಲ್ಲಿಯೂ ಒಂದು ತೆಳುವಾದ ಮಬ್ಬು. ಶಾಲೆಯ ಮರವನ್ನು ಇನ್ನೂ ಮುಟ್ಟಿಲ್ಲ, ಬೇರೆ ಹಲಸಿನ ತುಂಡುಗಳಲ್ಲಿ ಪರೀಕ್ಷೆ ನಡೆದಿದೆ. ಒತ್ತಡ ಹೆಚ್ಚಿಸಬೇಕೇ? ಎಪಾಕ್ಸಿಗೆ (ಇನ್ನೊಂದು ಬಗೆಯ ರೆಸಿನ್) ಹೋಗಬೇಕೇ? ಮಳೆ ನಿಲ್ಲುವವರೆಗೆ ಕಾಯುವಷ್ಟು ಸಮಯವಿಲ್ಲ.

ಉಳಿ ಹಿಡಿದವನು
ಮರ ಒಣಗಿಲ್ಲ. ಬೇರೆ ಯಾವ ಕಾರಣವನ್ನೂ ಹುಡುಕಬೇಡಿ.

ಕಡಲತಡಿ
ಒಣಗಿದ ಮರವೇ ಸರ್. ವರ್ಷಗಳಿಂದ ಅಟ್ಟದ ಮೇಲಿದ್ದ ಹಲಗೆಯಿಂದ ಕೊಯ್ದದ್ದು. ತೇವಾಂಶ ಅಳೆಯುವ ಮೀಟರ್ ಚುಚ್ಚಿದರೆ 17% ತೋರಿಸುತ್ತದೆ.

ಉಳಿ ಹಿಡಿದವನು
17% ಎಂದರೆ ಈ ಕೆಲಸಕ್ಕೆ ಹಸಿಮರ. ಅಟ್ಟದಲ್ಲಿ ಎಷ್ಟು ವರ್ಷ ಇತ್ತು ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಈ ವಾರ ಗಾಳಿ ಹೇಗಿದೆ ಎನ್ನುವುದು ಬರುತ್ತದೆ. ಗಾಳಿಯ ಆರ್ದ್ರತೆ 65% ಇದ್ದಾಗ ಮರ ಸುಮಾರು 12% ನೀರು ಹಿಡಿದುಕೊಂಡು ನಿಲ್ಲುತ್ತದೆ. ಆರ್ದ್ರತೆ 90% ಆದರೆ ಅದು 20%ರ ಹತ್ತಿರ ಹೋಗುತ್ತದೆ. ನಿಮ್ಮ ಕರಾವಳಿಯಲ್ಲಿ ಜೂನ್ ಬಂತೆಂದರೆ ಬೇಸಿಗೆಯಲ್ಲಿ ಒಣಗಿದ್ದ ಮರವೂ ಮತ್ತೆ ನೀರು ಕುಡಿಯುತ್ತದೆ. ಬಾಗಿಲು ಬಿಗಿಯಾಗುವುದಿಲ್ಲವೇ? ಅದೇ ಕಾರಣ.

ರಸಾಯನ ಪಾಠ
ಉಳಿ ಹಿಡಿದವರು ಹೇಳಿದ್ದು ಸರಿ. ಆದರೆ ಏಕೆ ಎನ್ನುವುದನ್ನು ತಿಳಿದುಕೊಂಡರೆ ಮುಂದಿನ ಎಲ್ಲ ಪ್ರಶ್ನೆಗಳಿಗೂ ಉತ್ತರ ತಾನಾಗಿ ಸಿಗುತ್ತದೆ. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಪಾಲಿಯುರೆಥೇನ್‌ನ ಎರಡು ಬಾಟಲಿಗಳಲ್ಲಿ ಒಂದರಲ್ಲಿ ಐಸೊಸಯನೇಟ್ ಇರುತ್ತದೆ, ಇನ್ನೊಂದರಲ್ಲಿ ಪಾಲಿಯಾಲ್. ಎರಡೂ ಕೂಡಿ ಗಟ್ಟಿಯಾಗಬೇಕು. ಆದರೆ ಐಸೊಸಯನೇಟ್‌ಗೆ ನೀರಿನ ಮೇಲೂ ಅಷ್ಟೇ ಆಸೆ. ನೀರು ಸಿಕ್ಕಿದರೆ ಅದರೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೊರಬಿಡುತ್ತದೆ. ಹಾಸಿಗೆಯ ಫೋಮ್ ತಯಾರಿಸುವ ಕಾರ್ಖಾನೆಗಳಲ್ಲಿ ಇದೇ ಕ್ರಿಯೆಯನ್ನು ಬೇಕೆಂದೇ ಮಾಡಿಸುತ್ತಾರೆ. ನಿಮ್ಮ ಬ್ಲ್ಯಾಂಕ್‌ನ ಅಂಚಿನಲ್ಲಿ ಕಾಣುತ್ತಿರುವುದು ಅದೇ ಫೋಮ್.

ಈಗ ಲೆಕ್ಕ ನೋಡಿ. 18 ಗ್ರಾಂ ನೀರು ಪೂರ್ತಿ ಪ್ರತಿಕ್ರಿಯಿಸಿದರೆ ಕೋಣೆಯ ಉಷ್ಣಾಂಶದಲ್ಲಿ ಸುಮಾರು 24 ಲೀಟರ್ ಅನಿಲ ಬರುತ್ತದೆ. ಅಂದರೆ ಒಂದು ಗ್ರಾಂ ನೀರಿಗೆ 1.3 ಲೀಟರ್‌ಗೂ ಹೆಚ್ಚು. ಮುಕ್ಕಾಲು ಇಂಚು ದಪ್ಪ, ಐದು ಇಂಚು ಉದ್ದದ ಒಂದು ಬ್ಲ್ಯಾಂಕ್‌ನ ಒಟ್ಟು ಗಾತ್ರ ಸುಮಾರು 46 ಮಿಲಿಲೀಟರ್. ಅದರಲ್ಲಿ ಅರ್ಧ ಹಲಸು ಎಂದರೆ ಒಣತೂಕದಲ್ಲಿ ಹೆಚ್ಚುಕಡಿಮೆ 14 ಗ್ರಾಂ. 17%ರ ಲೆಕ್ಕದಲ್ಲಿ ಅದರೊಳಗೆ ಎರಡು ಗ್ರಾಂಗೂ ಹೆಚ್ಚು ನೀರಿದೆ. ಅಷ್ಟೂ ನೀರು ರೆಸಿನ್‌ಗೆ ಸಿಕ್ಕಿದರೆ ಮೂರು ಲೀಟರ್ ಅನಿಲ! ಎಲ್ಲ ನೀರೂ ಸಿಗುವುದಿಲ್ಲ, ನಿಜ. ಗೆರೆಯ ಬಳಿ ಇರುವ ನೂರನೇ ಒಂದು ಪಾಲು ಸಿಕ್ಕಿದರೂ ನೊರೆಗೆ ಅಷ್ಟು ಸಾಕು.

ಒತ್ತಡ ಹೆಚ್ಚಿಸಬೇಕೇ ಎಂದು ಕೇಳಿದ್ದೀರಿ. 50 ಪಿಎಸ್‌ಐ ಎಂದು ಮೀಟರ್ ತೋರಿಸುವಾಗ ಪಾತ್ರೆಯೊಳಗಿನ ನಿಜವಾದ ಒತ್ತಡ ವಾತಾವರಣದ ಒತ್ತಡದ ಸುಮಾರು 4.4 ಪಟ್ಟು. ಆಗಲೇ ಇರುವ ಗಾಳಿಗುಳ್ಳೆ ಅದರಿಂದ ಗಾತ್ರದಲ್ಲಿ ಕಾಲುಭಾಗಕ್ಕಿಂತ ಚಿಕ್ಕದಾಗುತ್ತದೆ. ಬೆರೆಸುವಾಗ ಸೇರಿಕೊಂಡ ಗಾಳಿಗೆ ಈ ಮದ್ದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಒಳಗೇ ಹೊಸ ಅನಿಲ ಹುಟ್ಟುತ್ತಲೇ ಇದ್ದರೆ? ಮೂರು ಲೀಟರ್‌ನ ಕಾಲುಭಾಗವೂ ನಿಮ್ಮ ಬ್ಲ್ಯಾಂಕ್‌ನ ಹದಿನೈದು ಪಟ್ಟು. ಪಾಟ್ ಗಾಳಿಯನ್ನು ಕುಗ್ಗಿಸುತ್ತದೆ, ನೀರನ್ನು ತೆಗೆಯುವುದಿಲ್ಲ.

ಹಲಸಿನ ಹಿತ್ತಲು (ತೀರ್ಥಹಳ್ಳಿ)
ಹಲಸಿನ ಅಂಟಿನಿಂದಲೇ ಹೀಗಾಗುತ್ತಿರಬಹುದು. ನಮ್ಮಲ್ಲಿ ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳದಿದ್ದರೆ ಆ ಮೇಣ ಬಿಡಿಸಲು ಆಗುವುದೇ ಇಲ್ಲ. ಮರದಲ್ಲಿಯೂ ಅದು ಇದ್ದೇ ಇರುತ್ತದೆಯಲ್ಲವೇ?

ಉಳಿ ಹಿಡಿದವನು
ಇಲ್ಲ ಸರ್. ಮೇಣದ ಹಾಲು ಇರುವುದು ತೊಗಟೆಯಲ್ಲಿ, ಹಸಿ ಕೊಂಬೆಯಲ್ಲಿ, ಕಾಯಿಯಲ್ಲಿ. ಒಣಗಿದ ಹಳದಿ ತಿರುಳುಮರದಲ್ಲಿ ಅದರ ತೊಂದರೆ ಇಲ್ಲ. ತಂಜಾವೂರಿನ ವೀಣೆಗಳೆಲ್ಲ ಹಲಸಿನ ಮರದವು, ಅಂಟು ಹಾಕಿದರೆ ಗಟ್ಟಿಯಾಗಿ ನಿಲ್ಲುತ್ತದೆ.

ಹಲಸಿನ ಹಿತ್ತಲು
ಸರಿ, ಒಪ್ಪಿದೆ. ಆ ಹಳದಿ ಬಣ್ಣ ಉಳಿಯುತ್ತದೆಯೇ? ಕಡೆದ ಕೂಡಲೇ ಚಿನ್ನದ ಹಾಗಿರುತ್ತದೆ.

ಉಳಿ ಹಿಡಿದವನು
ಉಳಿಯುವುದಿಲ್ಲ. ಬೆಳಕಿಗೆ ನಿಧಾನವಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಹಳೆಯ ಮನೆಗಳ ಹಲಸಿನ ಕಂಬಗಳನ್ನು ನೋಡಿ. ಪೆನ್ನು ಕೊಡುವಾಗಲೇ ಇದನ್ನು ಹೇಳಿಬಿಡುವುದು ಒಳ್ಳೆಯದು.

ಸಿಂಗಪುರ ಕನ್ನಡಿಗ
ಕಡಲತಡಿಯವರೇ, ನಾನಿರುವ ಊರಿನಲ್ಲಿ ವರ್ಷವಿಡೀ ನಿಮ್ಮ ಜೂನ್ ತಿಂಗಳೇ. ಆದರೂ ಪಾಲಿಯುರೆಥೇನ್ ಬಿಟ್ಟಿಲ್ಲ. ಅಲ್ಯುಮಿಲೈಟ್ ಕ್ಲಿಯರ್ ಎಂಬ ಪಾಲಿಯುರೆಥೇನ್ ರೆಸಿನ್ ಬಳಸುತ್ತೇನೆ, ಅದೂ ತೂಕದಲ್ಲಿ ಸಮಸಮ ಬೆರೆಸುವಂಥದ್ದೇ. ಇಲ್ಲಿ ರೂಢಿಸಿಕೊಂಡ ಕ್ರಮ ಹೀಗಿದೆ.

ಮರದ ತುಂಡುಗಳನ್ನು ಒವನ್‌ನಲ್ಲಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಇಷ್ಟು ಗಂಟೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿಯಲ್ಲಿ ಆಗಾಗ ತೂಗುತ್ತಿರಿ. ತೂಕ ಇಳಿಯುವುದು ಪೂರ್ತಿ ನಿಂತಾಗ ಮರ ಒಣಗಿತು ಎಂದರ್ಥ. ತೆಗೆದ ಕೂಡಲೇ, ಬಿಸಿ ಇರುವಾಗಲೇ ಗಾಳಿಯಾಡದ ಡಬ್ಬಿಗೆ ಹಾಕಿ ಸಿಲಿಕಾ ಜೆಲ್ ಜೊತೆ ಮುಚ್ಚಬೇಕು. ಬಯಲಿಗೆ ಬಿಟ್ಟರೆ ಅದೇ ಸಂಜೆಯೊಳಗೆ ಮತ್ತೆ ನೀರು ಹೀರಲು ತೊಡಗುತ್ತದೆ.

ಇನ್ನು ಬರೀ ರೆಸಿನ್‌ನಲ್ಲಿ ಮಬ್ಬು ಬರುತ್ತಿದೆ ಎಂದಿರಲ್ಲ, ಅದಕ್ಕೆ ಮರ ಕಾರಣವಲ್ಲ. ಬೆರೆಸುವುದು ಯಾವುದರಲ್ಲಿ? ಕಾಗದದ ಲೋಟದಲ್ಲಿಯೇ? ಐಸ್‌ಕ್ರೀಮ್ ಕಡ್ಡಿಯಿಂದಲೇ?

ಕಡಲತಡಿ
ಹೌದು, ಎರಡೂ ಹೌದು. ಚಹಾ ಅಂಗಡಿಯ ಕಾಗದದ ಲೋಟ, ಮರದ ಕಡ್ಡಿ.

ಸಿಂಗಪುರ ಕನ್ನಡಿಗ
ಅಲ್ಲಿಯೇ ಇದೆ ಮಬ್ಬು. ಕಾಗದವೂ ಮರವೂ ತೇವ ಹಿಡಿಯುವ ವಸ್ತುಗಳು. ಪ್ಲಾಸ್ಟಿಕ್ ಲೋಟ, ಸ್ಟೀಲ್ ಅಥವಾ ಪ್ಲಾಸ್ಟಿಕ್ ಕಡ್ಡಿ ಬಳಸಿ. ಸಿಲಿಕೋನ್ ಅಚ್ಚಿಗೂ ತೇವ ಅಂಟಿರುತ್ತದೆ, ಹೊಯ್ಯುವ ಮೊದಲು ಅದನ್ನೂ ಬೆಚ್ಚಗೆ ಮಾಡಿ ಆರಿಸಿ. ಬಣ್ಣಕ್ಕೆ ಹಾಕುವ ಅಭ್ರಕದ ಪುಡಿಯ ಡಬ್ಬಿಯನ್ನೂ ಸಿಲಿಕಾ ಜೆಲ್ ಜೊತೆ ಇಡಿ.

ಐಸೊಸಯನೇಟ್ ಬಾಟಲಿಯ ಕತ್ತಿನ ಸುತ್ತ ಬಿಳಿ ಹರಳು ಅಥವಾ ಪೊರೆ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಒಳಗೆ ತೇವ ಹೋಗಿದೆ. ಪ್ರತಿ ಸಲ ಮುಚ್ಚುವ ಮೊದಲು ಒಣ ಆರ್ಗಾನ್ ಅನಿಲವನ್ನು ಒಂದು ಕ್ಷಣ ಒಳಗೆ ಬಿಟ್ಟು ಮುಚ್ಚುವುದು ನನ್ನ ಅಭ್ಯಾಸ. ಸಣ್ಣ ಬಾಟಲಿ ಕೊಂಡು ಬೇಗ ಮುಗಿಸುವುದು ಇನ್ನೂ ಒಳ್ಳೆಯದು.

ಗಾಳಿಯಂತ್ರ
ಯಾರೂ ಕಂಪ್ರೆಸರ್ ಬಗ್ಗೆ ಹೇಳಲಿಲ್ಲವಲ್ಲ! ತೇವದ ಗಾಳಿಯನ್ನು ಒತ್ತಿದರೆ ಅದರಲ್ಲಿರುವ ನೀರು ಹನಿಯಾಗುತ್ತದೆ. ಟ್ಯಾಂಕಿನ ತಳದ ತಿರುಪು ಬಿಚ್ಚಿ ನೋಡಿ, ಮಳೆಗಾಲದಲ್ಲಿ ನೀರು ಸುರಿಯುತ್ತದೆ. ಆ ಗಾಳಿಯೇ ನೇರವಾಗಿ ನಿಮ್ಮ ಪಾಟ್‌ಗೆ ಹೋಗುತ್ತಿದೆ. ದಿನವೂ ಟ್ಯಾಂಕ್ ಖಾಲಿ ಮಾಡಿ, ಪೈಪಿನ ನಡುವೆ ನೀರು ಹಿಡಿಯುವ ಫಿಲ್ಟರ್ ಹಾಕಿ.

ಬೆಂಗಳೂರು ಎಪಾಕ್ಸಿ
ಇಷ್ಟೆಲ್ಲ ಪಾಡು ಏಕೆ? ಎಪಾಕ್ಸಿ ಹೊಯ್ಯಿರಿ. ಹೊಯ್ದು ಮುಗಿಸಲು ಬೇಕಾದಷ್ಟು ಸಮಯ ಸಿಗುತ್ತದೆ, ಗುಳ್ಳೆಗಳು ತಾವೇ ಮೇಲೆ ಬರುತ್ತವೆ, ನೀರು ಕಂಡರೆ ನೊರೆ ಏಳುವುದಿಲ್ಲ. ಮೇಜುಗಳಿಗೆ ಎಲ್ಲರೂ ಅದನ್ನೇ ಬಳಸುವುದಿಲ್ಲವೇ?

ಉಳಿ ಹಿಡಿದವನು
ಮೇಜು ಬೇರೆ, ಪೆನ್ನು ಬೇರೆ. ಮೇಜನ್ನು ಯಾರೂ ಲೇತ್‌ಗೆ (ಕಡೆಯುವ ಯಂತ್ರ) ಸಿಕ್ಕಿಸಿ ತಿರುಗಿಸುವುದಿಲ್ಲ. ಮೇಜಿನ ಎಪಾಕ್ಸಿಗಳಲ್ಲಿ ಹಲವು ಬಿಸಿಗೆ ಮೆತ್ತಗಾಗುತ್ತವೆ. ಡ್ರಿಲ್ ಹಾಕುವಾಗ ಒಳಗೆ ಹುಟ್ಟುವ ಬಿಸಿಗೆ ರಂಧ್ರ ಅಂಟಂಟಾಗಿ ಬಿಟ್‌ಗೆ ಸುತ್ತಿಕೊಳ್ಳುತ್ತದೆ. ಪಾಲಿಯುರೆಥೇನ್ ಉಳಿಗೆ ಉದ್ದುದ್ದ ದಾರದಂತೆ ಬಿಚ್ಚಿಕೊಂಡು ಬರುತ್ತದೆ, ಕಡೆಯುವ ಸುಖವೇ ಬೇರೆ.

ಬೆಂಗಳೂರು ಎಪಾಕ್ಸಿ
ಎಲ್ಲ ಎಪಾಕ್ಸಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ. ಎರಕಕ್ಕೆಂದೇ ಬರುವ ಗಟ್ಟಿ ಎಪಾಕ್ಸಿಗಳಿವೆ. ಪೂರ್ತಿ ಪಕ್ವವಾಗಲು ಒಂದು ವಾರ ಬಿಟ್ಟರೆ ಚೆನ್ನಾಗಿ ಕಡೆಯಬಹುದು. ತಾಳ್ಮೆ ಇಲ್ಲದವರು ಮರುದಿನವೇ ಡ್ರಿಲ್ ಹಾಕಿ ಎಪಾಕ್ಸಿಯನ್ನು ದೂರುತ್ತಾರೆ.

ರಸಾಯನ ಪಾಠ
ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಒಂದನ್ನು ಸೇರಿಸುತ್ತೇನೆ: ಎಪಾಕ್ಸಿಗೂ ಮಳೆಗಾಲದ ಕಾಟ ತಪ್ಪಿದ್ದಲ್ಲ. ಅದರ ಗಟ್ಟಿಕಾರಕದಲ್ಲಿರುವ ಅಮೀನ್, ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲ್ಮೈಯಲ್ಲಿ ಜಿಡ್ಡಿನ ಪದರ ಬಿಡುತ್ತದೆ. ಬ್ಲ್ಯಾಂಕ್‌ನಲ್ಲಿ ಆ ಪದರ ಹೇಗೂ ಕಡೆದು ಹೋಗುತ್ತದೆ. ಆದರೆ ಎರಡು ಸಲವಾಗಿ ಹೊಯ್ಯುವವರು ನಡುವೆ ಅದನ್ನು ನೀರಿನಿಂದ ಉಜ್ಜಿ ತೊಳೆದು, ಒಣಗಿಸಿ ಮುಂದುವರಿಯಬೇಕು. ಇಲ್ಲವಾದರೆ ಎರಡು ಪದರಗಳು ಬಿಟ್ಟುಕೊಳ್ಳುತ್ತವೆ.

ಮಲ್ಪೆ ದೋಣಿ
ನಮ್ಮ ಕಡೆ ಫೈಬರ್ ದೋಣಿ ಕಟ್ಟುವವರ ಹತ್ತಿರ ಪಾಲಿಯೆಸ್ಟರ್ ರೆಸಿನ್ ಡಬ್ಬಿಗಟ್ಟಲೆ ಸಿಗುತ್ತದೆ, ಬೆಲೆಯೂ ಬಹಳ ಕಡಿಮೆ. ಹಾರ್ಡನರ್ ಹನಿ ಹಾಕಿದರೆ ಅರ್ಧ ಗಂಟೆಯಲ್ಲಿ ಕಲ್ಲಿನ ಹಾಗೆ ಆಗುತ್ತದೆ. ಉಡುಪಿಯವರು ದೂರದಿಂದ ತರಿಸಿಕೊಳ್ಳುವುದು ಏಕೆ?

ಉಳಿ ಹಿಡಿದವನು
ದೋಣಿಯ ರೆಸಿನ್ ತಿಳಿಯಾಗಿರುವುದಿಲ್ಲ ಅಣ್ಣ, ಬಣ್ಣ ಇರುತ್ತದೆ. ಎರಕಕ್ಕೆಂದೇ ತಿಳಿ ಪಾಲಿಯೆಸ್ಟರ್ ಬೇರೆ ಬರುತ್ತದೆ. ಹೊಳಪು ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಪೆಡಸು ಜಾಸ್ತಿ. ಉಳಿ ಸ್ವಲ್ಪ ಮೊಂಡಾದರೆ ಚಕ್ಕೆ ಏಳುತ್ತದೆ. ಗಟ್ಟಿಯಾಗುವಾಗ ಕುಗ್ಗುವುದರಿಂದ ಮರದಿಂದ ಬಿಟ್ಟುಕೊಳ್ಳುವ ಭಯವೂ ಇದೆ.

ರಸಾಯನ ಪಾಠ
ಮಲ್ಪೆಯವರ ಸಲಹೆಯನ್ನು ಓದಿ ಯಾರಾದರೂ ದೋಣಿ ಕಟ್ಟುವಲ್ಲಿಂದ ರೆಸಿನ್ ತರುವುದಾದರೆ ದಯವಿಟ್ಟು ಇದನ್ನು ಮೊದಲು ಓದಿ. ಅಲ್ಲಿ ಮೂರು ವಸ್ತುಗಳಿರುತ್ತವೆ: ರೆಸಿನ್, ನೇರಳೆ ಬಣ್ಣದ ಕೋಬಾಲ್ಟ್ ವೇಗವರ್ಧಕ, ನೀರಿನಂತೆ ಕಾಣುವ ಎಂಇಕೆಪಿ (ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್) ಗಟ್ಟಿಕಾರಕ. ಕೋಬಾಲ್ಟ್ ಮತ್ತು ಎಂಇಕೆಪಿ ಎರಡನ್ನು ಎಂದಿಗೂ ನೇರವಾಗಿ ಬೆರೆಸಬಾರದು, ಒಂದೇ ಲೋಟದಲ್ಲಿ ಅಳೆಯಲೂ ಬಾರದು. ಉರಿ ಹತ್ತಬಹುದು, ಸ್ಫೋಟವೂ ಆಗಬಹುದು. ಕೋಬಾಲ್ಟ್ ಅನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಮಾತ್ರ ಗಟ್ಟಿಕಾರಕ. ಎಂಇಕೆಪಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು, ಕನ್ನಡಕ ಇಲ್ಲದೆ ಬಾಟಲಿ ತೆರೆಯಬೇಡಿ.

ಮಲ್ಪೆ ದೋಣಿ
ಇದು ನಿಜ. ನಮ್ಮಲ್ಲಿ ಹಿರಿಯ ಕೆಲಸಗಾರರು ಆ ಎರಡು ಡಬ್ಬಿಗಳನ್ನು ಒಂದೇ ಕಪಾಟಿನಲ್ಲಿ ಇಡಲೂ ಬಿಡುವುದಿಲ್ಲ. ಹೊಸಬರಿಗೆ ಮೊದಲ ದಿನ ಕಲಿಸುವ ಪಾಠವೇ ಅದು.

ಹಾಲೆಮರ (ಚನ್ನಪಟ್ಟಣ)
ಓದುತ್ತಾ ಬಂದೆ. ನನಗೆ ಒಂದು ವಿಷಯ ಅರ್ಥವಾಗುವುದಿಲ್ಲ. ಪೆನ್ನಿಗೆ ಬಣ್ಣ, ಹೊಳಪು ಬೇಕು ಎಂದರೆ ನಮ್ಮಲ್ಲಿ ಅರಗು ಇದೆಯಲ್ಲ? ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜುವ ಬಿಸಿಗೆ ಕರಗಿ ಮರಕ್ಕೆ ಹಿಡಿಯುತ್ತದೆ. ಕೇದಿಗೆಯ ಗರಿಯಿಂದ ತಿಕ್ಕಿದರೆ ಹೊಳಪು. ವಿಷವಿಲ್ಲ, ಮುಖವಾಡ ಬೇಡ, ಪಾಟ್ ಬೇಡ. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಮಾಡುತ್ತಿರುವ ಕೆಲಸ. ಹೊರಗಿನಿಂದ ರಾಸಾಯನಿಕ ತಂದು ಇಷ್ಟು ಕಷ್ಟಪಡುವುದನ್ನು ನೋಡಿದರೆ ಬೇಸರವಾಗುತ್ತದೆ.

ಬೆಂಗಳೂರು ಎಪಾಕ್ಸಿ
ಅರಗಿನ ಮೇಲೆ ಗೌರವವಿದೆ. ಆದರೆ ಅರಗು ಮರದ ಮೇಲಿನ ಲೇಪ ಮಾತ್ರ. ಗೆದ್ದಲು ತಿಂದ ಟೊಳ್ಳನ್ನು ಅದು ತುಂಬುವುದಿಲ್ಲ. ಮೇಲಾಗಿ ಅರಗು ಆಲ್ಕೊಹಾಲ್‌ನಲ್ಲಿ ಕರಗುತ್ತದೆ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಪೆನ್ನು ಹಿಡಿದರೆ ಮೇಲ್ಮೈ ಹಾಳು.

ಹಾಲೆಮರ
ಸ್ಯಾನಿಟೈಸರ್ ಒದ್ದೆ ಇರುವಾಗ ಹಿಡಿದರೆ ಹೌದು, ಆರಿದ ಕೈಯಿಂದ ಹಿಡಿದರೆ ಏನೂ ಆಗುವುದಿಲ್ಲ. ಮಕ್ಕಳು ಬಾಯಿಗೆ ಹಾಕುವ ಆಟಿಕೆಗೆ ಬಳಸುವ ವಸ್ತು ಅದು. ನಿಮ್ಮ ರೆಸಿನ್ ಬಗ್ಗೆ ಹಾಗೆ ಹೇಳಲು ಆಗುತ್ತದೆಯೇ?

ಟೊಳ್ಳಿನ ವಿಷಯ ಬೇರೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಆ ಕೊಂಬೆಯಲ್ಲಿ ಗಟ್ಟಿ ಇರುವ ಭಾಗವನ್ನಾದರೂ ರೆಸಿನ್ ಇಲ್ಲದೆ ಕಡೆಯಿರಿ. ಮರಕ್ಕೆ ಮರವೇ ಅಂದ.

ಕಡಲತಡಿ
ಹಾಲೆಮರ ಅವರೇ, ಇದನ್ನು ಖಂಡಿತ ಮಾಡುತ್ತೇನೆ. ಗಟ್ಟಿ ಭಾಗದಿಂದ ಒಂದೆರಡು ಪೆನ್ನು ಬರಬಹುದು. ಮುಖ್ಯೋಪಾಧ್ಯಾಯಿನಿಗೆ ಅದು.

ಕುಕ್ಕರ್ ಪ್ರಯೋಗ
ಪ್ರೆಷರ್ ಪಾಟ್ ಕೊಳ್ಳುವಷ್ಟು ಹಣವಿಲ್ಲದವರು ಹಳೆಯ ಪ್ರೆಷರ್ ಕುಕ್ಕರ್‌ಗೆ ವಾಲ್ವ್ ಕೂರಿಸಿ ಬಳಸಬಹುದೇ? ನೋಡಲು ಎರಡೂ ಒಂದೇ ತರಹ ಇವೆ. ಮುಚ್ಚಳ, ಗ್ಯಾಸ್ಕೆಟ್ ಎಲ್ಲವೂ ಇದೆ.

ಗಾಳಿಯಂತ್ರ
ಬೇಡ. ಬೇಡವೇ ಬೇಡ!

ಅಡುಗೆ ಕುಕ್ಕರ್ ಕೆಲಸ ಮಾಡುವುದು ಸುಮಾರು 15 ಪಿಎಸ್‌ಐನಲ್ಲಿ. ಅದಕ್ಕಿಂತ ಮೇಲೆ ಹೋಗದಂತೆ ಸೀಟಿ, ಸುರಕ್ಷತಾ ವಾಲ್ವ್ ಎಲ್ಲವನ್ನೂ ಇಟ್ಟಿರುತ್ತಾರೆ. ನೀವು ಸೀಟಿಯ ಜಾಗ ಮುಚ್ಚಿ 50 ಪಿಎಸ್‌ಐ ಗಾಳಿ ತುಂಬಿದರೆ ತಯಾರಕರು ಯೋಚಿಸಿದ್ದರ ಮೂರು ಪಟ್ಟಿಗೂ ಮೇಲೆ. ಗಾಳಿ ಸ್ಪ್ರಿಂಗಿನ ಹಾಗೆ, ಒತ್ತಿದಷ್ಟೂ ಶಕ್ತಿ ಒಳಗೇ ಕೂಡಿಕೊಳ್ಳುತ್ತದೆ. ಮುಚ್ಚಳ ಹಾರಿದರೆ ಎದುರಿಗಿರುವವರ ಮುಖ ಉಳಿಯುವುದಿಲ್ಲ.

ಪೇಂಟ್ ಸಿಂಪಡಿಸುವ ಪಾಟ್‌ಗಳನ್ನು ಮಾರ್ಪಡಿಸಿ ಬಳಸುವುದು ರೂಢಿಯಲ್ಲಿದೆ. ಅಲ್ಲಿಯೂ ಮೇಲೆ ಅಚ್ಚಾಗಿರುವ ಗರಿಷ್ಠ ಒತ್ತಡವನ್ನು ಮೀರಬಾರದು, ಸುರಕ್ಷತಾ ವಾಲ್ವ್ ತೆಗೆಯಬಾರದು, ಮುಚ್ಚಳದ ತಿರುಪುಗಳನ್ನು ಎದುರುಬದುರಾಗಿ ಜೋಡಿಜೋಡಿಯಾಗಿ ಬಿಗಿಯಬೇಕು. ಒತ್ತಡ ಪೂರ್ತಿ ಸೊನ್ನೆಗೆ ಇಳಿಯುವವರೆಗೆ ಒಂದು ತಿರುಪನ್ನೂ ಸಡಿಲಿಸಬಾರದು. ನಮ್ಮ ಪಕ್ಕದ ಗ್ಯಾರೇಜಿನಲ್ಲಿ ಅವಸರಕ್ಕೆ ಬಿಚ್ಚಲು ಹೋದವರ ಮಣಿಕಟ್ಟು ಮುರಿದದ್ದನ್ನು ಕಣ್ಣಾರೆ ನೋಡಿದ್ದೇನೆ.

ಕುಕ್ಕರ್ ಪ್ರಯೋಗ
ಸರಿ ಸರ್, ಬಿಟ್ಟೆ. ಹಾಗಾದರೆ ಪಾಟ್ ಬದಲು ನಿರ್ವಾತ ಪಂಪ್ ಹಾಕಿ ಗುಳ್ಳೆ ತೆಗೆಯಬಹುದಲ್ಲವೇ?

ಸಿಂಗಪುರ ಕನ್ನಡಿಗ
ಬೇಗ ಗಟ್ಟಿಯಾಗುವ ರೆಸಿನ್‌ಗೆ ಅದು ಹೊಂದುವುದಿಲ್ಲ. ನಿರ್ವಾತದಲ್ಲಿ ರೆಸಿನ್ ಮೊದಲು ಉಬ್ಬುತ್ತದೆ, ಆಮೇಲೆ ಕುಸಿಯುತ್ತದೆ. ಆ ಹೊತ್ತಿಗೆ ನಿಮ್ಮ ಏಳೆಂಟು ನಿಮಿಷ ಮುಗಿದು ಉಬ್ಬಿದ ಹಾಗೆಯೇ ಗಟ್ಟಿಯಾಗಿರುತ್ತದೆ. ನಿಧಾನದ ರೆಸಿನ್‌ಗೆ ನಿರ್ವಾತ, ವೇಗದ ರೆಸಿನ್‌ಗೆ ಒತ್ತಡ.

ಕಾಫಿತೋಟ (ಮೂಡಿಗೆರೆ)
ನಡುವೆ ನನ್ನದೊಂದು ಪ್ರಶ್ನೆ. ಹುರಿದ ಕಾಫಿ ಬೀಜಗಳನ್ನು ರೆಸಿನ್‌ನಲ್ಲಿ ಮುಳುಗಿಸಿ ಬ್ಲ್ಯಾಂಕ್ ಮಾಡಿದೆವು. ಕಡೆಯುವಾಗ ಬೀಜಗಳು ಒಂದೊಂದಾಗಿ ಕಳಚಿ ಬೀಳುತ್ತಿವೆ, ಗುಳಿ ಉಳಿಯುತ್ತದೆ. ಪ್ರವಾಸಿಗರಿಗೆ ಮಾರುವ ಆಸೆ ಇದೆ.

ಉಳಿ ಹಿಡಿದವನು
ಕಪ್ಪಾಗುವಷ್ಟು ಹುರಿದ ಬೀಜದ ಮೈಮೇಲೆ ಎಣ್ಣೆ ಬಂದಿರುತ್ತದೆ, ರೆಸಿನ್ ಹಿಡಿಯುವುದಿಲ್ಲ. ತಿಳಿಕಂದು ಹುರಿದದ್ದನ್ನು ಬಳಸಿ. ಬೀಜದ ನಡುಗೆರೆಯಲ್ಲಿ ಗಾಳಿ ಅಡಗಿರುತ್ತದೆ, ಅದಕ್ಕೆ ಪಾಟ್ ಒತ್ತಡ ಬೇಕೇ ಬೇಕು. ಕಾಫಿ ಗಿಡದ ಕಟ್ಟಿಗೆಯನ್ನೇ ಕಡೆದು ನೋಡಿದ್ದೀರಾ? ಗಟ್ಟಿ, ನುಣುಪು. ಹಳೆಯ ಗಿಡ ಕಿತ್ತಾಗ ಬೇರಿನ ಭಾಗ ಎತ್ತಿಡಿ, ಬೀಜದ ಪೆನ್ನಿಗಿಂತ ಅದಕ್ಕೆ ಹೆಚ್ಚು ಬೆಲೆ ಬರುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಕಾಫಿತೋಟ
ತೋಟದಲ್ಲಿ ಬಿದ್ದ ಬೀಟೆಯೂ ಇದೆ. ಅದನ್ನೂ ಬಳಸಬಹುದಲ್ಲ?

ಉಳಿ ಹಿಡಿದವನು
ಬೀಟೆ, ಗಂಧ ಇವುಗಳ ತಂಟೆ ಬೇಡ. ಸ್ವಂತ ತೋಟದ್ದಾದರೂ ಅರಣ್ಯ ಇಲಾಖೆಯನ್ನು ಕೇಳಿಯೇ ಮುಂದುವರಿಯಿರಿ.

ವರ್ಣಸುಳಿ
ಹೇಗೂ ಎಲ್ಲರೂ ಇದ್ದೀರಿ. ಎರಡು ಬಣ್ಣದ ರೆಸಿನ್ ಒಟ್ಟಿಗೆ ಹೊಯ್ದರೆ ಸುಳಿ ಬರದೆ ಎಲ್ಲ ಕಲಸಿ ಕೆಸರಿನ ಬಣ್ಣ ಬರುತ್ತದೆ. ಚಿತ್ರಗಳಲ್ಲಿ ಅಷ್ಟು ಚೆಂದದ ಸುಳಿ ಹೇಗೆ ಬರುತ್ತದೆ?

ಸಿಂಗಪುರ ಕನ್ನಡಿಗ
ಬೇಗ ಹೊಯ್ಯುತ್ತಿದ್ದೀರಿ. ಬೆರೆಸಿದ ಕೂಡಲೇ ರೆಸಿನ್ ತೆಳ್ಳಗಿರುತ್ತದೆ, ಒಂದರೊಳಗೆ ಒಂದು ಹರಿದುಬಿಡುತ್ತದೆ. ಕ್ರಿಯೆ ಮುಂದುವರಿದಂತೆ ತಾನೇ ಬಿಸಿಯಾಗುತ್ತದೆ, ದಪ್ಪವಾಗುತ್ತದೆ. ದೂರದಿಂದ ಅಳೆಯುವ ಥರ್ಮಾಮೀಟರ್ ಹಿಡಿದು 40-45 ಡಿಗ್ರಿ ತೋರಿಸುವವರೆಗೆ ಕಾದು ಹೊಯ್ಯಿರಿ. ಅಲ್ಲಿಂದ ಮುಂದೆ ಒಂದು ನಿಮಿಷವೂ ನಿಲ್ಲಬೇಡಿ, ಲೋಟದಲ್ಲೇ ಗಟ್ಟಿಯಾಗುತ್ತದೆ. ಪಾಟ್‌ನ ಮುಚ್ಚಳ, ಪೈಪು ಎಲ್ಲ ಮೊದಲೇ ಸಿದ್ಧವಿರಲಿ.

ಶುಶ್ರೂಷಕಿ
ನಾನು ಪೆನ್ನು ಕಡೆಯುವವಳಲ್ಲ, ನನ್ನ ತಮ್ಮ ಕಡೆಯುತ್ತಾನೆ. ಉಸಿರಾಟದ ರೋಗಿಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇಷ್ಟು ಹೊತ್ತು ನೊರೆ, ಹೊಳಪು, ಸುಳಿ ಎಂದು ಮಾತಾಡಿದ್ದೀರಿ. ಐಸೊಸಯನೇಟ್ ಎಂಬ ಹೆಸರು ಬಂದ ಮೇಲೂ ಶ್ವಾಸಕೋಶದ ಬಗ್ಗೆ ಯಾರೂ ಒಂದು ಸಾಲು ಬರೆಯಲಿಲ್ಲ. ಅದಕ್ಕೆ ನಾನು ಬರೆಯುತ್ತೇನೆ.

ಕೆಲಸದಿಂದ ಬರುವ ಆಸ್ತಮಾಕ್ಕೆ ಜಗತ್ತಿನಾದ್ಯಂತ ಗೊತ್ತಿರುವ ಮುಖ್ಯ ಕಾರಣಗಳಲ್ಲಿ ಐಸೊಸಯನೇಟ್ ಒಂದು. ಕಾರಿಗೆ ಬಣ್ಣ ಸಿಂಪಡಿಸುವವರಲ್ಲಿ, ಫೋಮ್ ತಯಾರಿಸುವವರಲ್ಲಿ ಇದು ಕಾಣಿಸುತ್ತದೆ. ಇದರ ಕೆಟ್ಟ ಗುಣವೆಂದರೆ, ತಿಂಗಳುಗಟ್ಟಲೆ ಏನೂ ಆಗದಿರಬಹುದು. ಒಂದು ದಿನ ದೇಹ ಅದನ್ನು ಶತ್ರುವೆಂದು ಗುರುತಿಸಿಬಿಡುತ್ತದೆ. ಆಮೇಲೆ ಅತ್ಯಲ್ಪ ಪ್ರಮಾಣಕ್ಕೂ ಎದೆ ಬಿಗಿಯುತ್ತದೆ. ಹಾಗಾದವರು ಆ ಕೆಲಸವನ್ನೇ ಬಿಡಬೇಕಾಗುತ್ತದೆ. ಚರ್ಮಕ್ಕೆ ತಾಗುವುದರಿಂದಲೂ ಈ ಪ್ರಕ್ರಿಯೆ ಶುರುವಾಗಬಹುದು, ಆದ್ದರಿಂದ ನೈಟ್ರೈಲ್ ಕೈಗವಸು ಹಾಕಿ. ವಾಸನೆ ಬರುತ್ತಿಲ್ಲ ಎಂದರೆ ಸುರಕ್ಷಿತ ಎಂದಲ್ಲ. ಬಟ್ಟೆಯ ಮಾಸ್ಕ್ ಆಗಲಿ ಎನ್95 ಆಗಲಿ ಆವಿಯನ್ನು ತಡೆಯುವುದಿಲ್ಲ. ಸಾವಯವ ಆವಿಗೆಂದು ಬರುವ ಕಾರ್ಟ್ರಿಜ್ ಮುಖವಾಡ ಬೇಕು, ಅದರ ಕಾರ್ಟ್ರಿಜ್‌ಗಳನ್ನು ಕಾಲಕಾಲಕ್ಕೆ ಬದಲಿಸಬೇಕು. ಮಳೆ ಎಂದು ಕಿಟಕಿ ಮುಚ್ಚಿ ಒಳಗೆ ಬೆರೆಸುವುದಂತೂ ಬೇಡವೇ ಬೇಡ.

ಬೆಂಗಳೂರು ಎಪಾಕ್ಸಿ
ಗಟ್ಟಿಯಾದ ಮೇಲೆ ಅಪಾಯವಿಲ್ಲ ತಾನೆ ಮೇಡಂ? ಪೆನ್ನು ಹಿಡಿಯುವವರು ಹೆದರಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಶುಶ್ರೂಷಕಿ
ಪೂರ್ತಿ ಗಟ್ಟಿಯಾದ ಪೆನ್ನು ಹಿಡಿಯುವವರಿಗೆ ತೊಂದರೆಯಿಲ್ಲ. ಕಡೆಯುವವರಿಗೆ ದೂಳು ಇದೆ, ಅದಕ್ಕೆ ದೂಳಿನ ಮಾಸ್ಕ್ ಬೇಕು. ಅರೆಬರೆ ಗಟ್ಟಿಯಾದದ್ದನ್ನು ಕಡೆಯಬೇಡಿ. ನಿಮ್ಮ ಎಪಾಕ್ಸಿಯೂ ಚರ್ಮಕ್ಕೆ ಅಲರ್ಜಿ ತರುವ ವಸ್ತುವೇ, ಬರಿಗೈಯಿಂದ ಮುಟ್ಟಬೇಡಿ.

ಹಾಲೆಮರ
ಅಕ್ಕ ಹೇಳಿದ್ದನ್ನು ಈ ಪುಟದ ಮೇಲ್ಗಡೆ ಇಡಬೇಕು.

ಕಡಲತಡಿ
ಕಾರ್ಟ್ರಿಜ್ ಮುಖವಾಡ ಇವತ್ತೇ ತರಿಸಲು ಹೇಳಿದೆ. ಹೊಯ್ಯುವ ಕೆಲಸವನ್ನು ಕೋಣೆಯಿಂದ ಹೊರಗಿನ ಚಾವಡಿಗೆ ಸಾಗಿಸುತ್ತೇನೆ.

ಒಂದು ಸಣ್ಣ ಅನುಮಾನ. ಅಡುಗೆಮನೆಯ ಒವನ್‌ನಲ್ಲಿ ಮರ ಒಣಗಿಸಬಹುದೇ? ಮತ್ತೆ, ಬಿಸಿ ಮರದ ಮೇಲೆಯೇ ಹೊಯ್ದರೆ ಒಳ್ಳೆಯದೇ?

ಸಿಂಗಪುರ ಕನ್ನಡಿಗ
ಬರೀ ಮರ ಒಣಗಿಸುವುದಕ್ಕೆ ತೊಂದರೆಯಿಲ್ಲ. ಮೆತ್ತನೆಯ ಮರವನ್ನು ನಿರ್ವಾತದಲ್ಲಿ ದ್ರವ ಕುಡಿಸಿ, ಬಿಸಿಯಲ್ಲಿ ಗಟ್ಟಿ ಮಾಡುವ ವಿಧಾನ ಇನ್ನೊಂದಿದೆ. ಅದಕ್ಕೆ ಅಡುಗೆಯ ಒವನ್ ಬೇಡ, ಬೇರೆಯೇ ಇರಲಿ. ಬಿಸಿ ಮರದ ಮೇಲೆ ಹೊಯ್ಯಬೇಡಿ. ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಯಾಗಿ ಹೊರಬರುತ್ತದೆ, ರೆಸಿನ್ ಕೂಡ ನಿಮಿಷದಲ್ಲಿ ಬಿಗಿದುಕೊಳ್ಳುತ್ತದೆ. ಮುಚ್ಚಿದ ಡಬ್ಬಿಯಲ್ಲೇ ಆರಲಿ.

ಉಳಿ ಹಿಡಿದವನು
ಪೂರ್ತಿ ಆರಬೇಕಿಲ್ಲ, ಉಗುರುಬೆಚ್ಚಗಿದ್ದರೆ ರೆಸಿನ್ ಸಂದಿಗೆ ಚೆನ್ನಾಗಿ ಇಳಿಯುತ್ತದೆ. ಇದರಲ್ಲಿ ನನಗೂ ಸಿಂಗಪುರದವರಿಗೂ ಒಮ್ಮತವಿಲ್ಲ.

ಸಿಂಗಪುರ ಕನ್ನಡಿಗ
ನಿಧಾನದ ರೆಸಿನ್‌ಗೆ ನಿಮ್ಮ ಮಾತು ಸರಿ. ಏಳೆಂಟು ನಿಮಿಷದ್ದಕ್ಕೆ ಅಲ್ಲ. ಬೇಕಿದ್ದರೆ ಎರಡನ್ನೂ ಪಕ್ಕಪಕ್ಕ ಹೊಯ್ದು ನೋಡಲಿ.

ಕಡಲತಡಿ
ನೋಡಿದೆ. ಅಟ್ಟದ ಹಲಗೆಯ ತುಂಡುಗಳನ್ನು ತೂಕ ನಿಲ್ಲುವವರೆಗೆ ಒಣಗಿಸಿ, ಪ್ಲಾಸ್ಟಿಕ್ ಲೋಟದಲ್ಲಿ ಬೆರೆಸಿ, ಕಂಪ್ರೆಸರ್ ನೀರು ತೆಗೆದು ಹೊಯ್ದೆ. ಪೂರ್ತಿ ಆರಿದ ಮರದ್ದು ಗೆರೆಯೇ ಕಾಣದಷ್ಟು ತಿಳಿ. ಉಗುರುಬೆಚ್ಚಗಿದ್ದದ್ದರಲ್ಲಿ ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳ್ಳೆ. ಬರೀ ರೆಸಿನ್ ಬ್ಲ್ಯಾಂಕ್‌ನ ಮಬ್ಬು ಸಂಪೂರ್ಣ ಹೋಗಿದೆ.

ಇನ್ನು ಶಾಲೆಯ ಮರ. ಗೆದ್ದಲಿನ ಮಣ್ಣು ಸಂದಿಗಳಲ್ಲಿ ತುಂಬಿಕೊಂಡಿದೆ. ಕೊಂಬೆ ಚಿಕ್ಕದು, ಕೇಳಿರುವ ಪೆನ್ನುಗಳು ಹೆಚ್ಚು. ಹೇಗೆ ಕೊಯ್ದರೆ ಎಲ್ಲರಿಗೂ ಬಂದೀತು?

ಉಳಿ ಹಿಡಿದವನು
ಮಣ್ಣನ್ನು ಒಂದು ಕಣವೂ ಬಿಡದೆ ತೆಗೆಯಿರಿ. ಹಲ್ಲುಜ್ಜುವ ಗಟ್ಟಿ ಬ್ರಷ್, ಆಮೇಲೆ ಒಣ ಗಾಳಿ. ಮಣ್ಣು ತೇವ ಹಿಡಿಯುತ್ತದೆ, ರೆಸಿನ್‌ಗೂ ಮರಕ್ಕೂ ನಡುವೆ ಕೂತು ಹಿಡಿತ ತಪ್ಪಿಸುತ್ತದೆ. ನೀರಿನಿಂದ ತೊಳೆಯಬೇಡಿ.

ಕೊಯ್ಯುವುದು ಚೌಕ ತುಂಡಾಗಿ ಬೇಡ. ಚೌಕ ತುಂಡಿನ ನಡುವನ್ನು ಡ್ರಿಲ್ ತಿನ್ನುತ್ತದೆ, ಮೂಲೆಗಳನ್ನು ಉಳಿ ತಿನ್ನುತ್ತದೆ, ಪೆನ್ನಿನಲ್ಲಿ ಉಳಿಯುವುದು ಸಣ್ಣ ಪಾಲು. ಅದರ ಬದಲು ಕೊಂಬೆಯನ್ನು ಉದ್ದಕ್ಕೆ ತೆಳ್ಳಗಿನ ಪಟ್ಟಿಗಳಾಗಿ ಸೀಳಿ. ಪೆನ್ನಿನೊಳಗೆ ಕೂರುವ ಹಿತ್ತಾಳೆ ಕೊಳವೆಯನ್ನು ಉಪ್ಪು ಕಾಗದದಿಂದ ಉಜ್ಜಿ ಒರಟು ಮಾಡಿ, ಕಪ್ಪು ಬಣ್ಣ ಹಚ್ಚಿ. ಹಾಗೆ ಮಾಡದಿದ್ದರೆ ತಿಳಿ ರೆಸಿನ್‌ನ ಮೂಲಕ ಹಿತ್ತಾಳೆ ಕಾಣಿಸುತ್ತದೆ. ಅದರ ಮೇಲೆ ಪಟ್ಟಿಗಳನ್ನು ಅಂಟಿಸಿ, ಎರಡೂ ತುದಿಗೆ ಬಿರಡೆ ಹಾಕಿ, ಕೊಳವೆ ಸಮೇತ ಅಚ್ಚಿನಲ್ಲಿ ಇಟ್ಟು ಹೊಯ್ಯಿರಿ. ಬಿರಡೆ ಸಡಿಲವಾದರೆ ಪಾಟ್‌ನ ಒತ್ತಡಕ್ಕೆ ರೆಸಿನ್ ಕೊಳವೆಯೊಳಗೆ ನುಗ್ಗುತ್ತದೆ, ಜೋಪಾನ. ಡ್ರಿಲ್ ಹಾಕುವ ಕೆಲಸವೇ ಇರುವುದಿಲ್ಲ, ಮರದ ಒಂದು ಚೂರೂ ವ್ಯರ್ಥವಾಗುವುದಿಲ್ಲ.

ಹಲಸಿನ ಹಿತ್ತಲು
ಗೆದ್ದಲು ಕೊರೆದ ದಾರಿಗಳು ಹಾಗೆಯೇ ಕಾಣುವಂತೆ ಇಡಿ. ಆ ಮರ ಏನೆಲ್ಲ ಕಂಡಿದೆ ಎನ್ನುವುದು ಅದರಲ್ಲಿದೆ.

ಕಡಲತಡಿ
ಹಾಗೆಯೇ ಮಾಡುತ್ತೇನೆ. ಬಿರಡೆಗೆ ಏನು ಬಳಸಲಿ?

ಉಳಿ ಹಿಡಿದವನು
ಸಿಲಿಕೋನ್ ಬಿರಡೆ. ರೆಸಿನ್ ಅಂಟುವುದಿಲ್ಲ, ಮತ್ತೆ ಮತ್ತೆ ಬಳಸಬಹುದು. ಮೇಣದಬತ್ತಿಯ ಮೇಣ ಬೇಡ, ರೆಸಿನ್‌ನ ಬಿಸಿಗೆ ಕರಗುತ್ತದೆ.